ಸುಣ್ಣ ಸೇರಿಸಿದ ಮೇಲೆ ಹಂದಿ ಚರ್ಮ ಹಕ್ಕಳೆಗಟ್ಟುತ್ತಿದೆ, ಯಾವುದರ ಕೊರತೆ?

ಪೊನ್ನಂಪೇಟೆ ಸಾಕಣೆ: ಯಾರ್ಕ್‌ಶೈರ್ ಕ್ರಾಸ್ ಹಂದಿಗಳು, 35 ಕೆಜಿ ಆಸುಪಾಸು. 100 ಕೆಜಿ ಆಹಾರದಲ್ಲಿ ಮೆಕ್ಕೆಜೋಳ 55, ಅಕ್ಕಿ ತೌಡು 25, ಸೋಯಾ ಹಿಂಡಿ 17, ಕಾಲು ಗಟ್ಟಿಯಾಗಲಿ ಅಂತ ಸುಣ್ಣಕಲ್ಲಿನ ಪುಡಿ 3 ಕೆಜಿ. ಎರಡೂ ಕಡೆ ಕಾಲು, ಹೊಟ್ಟೆ ಮೇಲೆ ಕಂದು ಹಕ್ಕಳೆ, ನಡುವೆ ಬಿರುಕು. ಕಜ್ಜಿ ಇಂಜೆಕ್ಷನ್ ಆಯ್ತು, ಗುಣ ಕಾಣ್ತಿಲ್ಲ.

ಗೋಣಿಕೊಪ್ಪ ಫಾರಂ: ಗೋಡೆಗೆ ಮೈ ಉಜ್ಜುತ್ತವಾ ನೋಡಿ ಸರ್. ಕಜ್ಜಿಯಾದರೆ ತುರಿಕೆ ತಡೆಯಲಾರವು, ಕಿವಿಯೊಳಗೂ ಹೊಟ್ಟು ಕಟ್ಟಿರುತ್ತೆ. ತುರಿಕೆ ಇಲ್ಲದೆ ಎರಡೂ ಬದಿ ಒಂದೇ ಥರ ಹಕ್ಕಳೆ ಇದ್ದರೆ ಬಹುಪಾಲು ಸತುವಿನ (ಝಿಂಕ್) ಕೊರತೆ. 3 ಕೆಜಿ ಪುಡಿಯಿಂದಲೇ ಕ್ಯಾಲ್ಸಿಯಂ 1.1% ದಾಟಿತು. ಈ ತೂಕಕ್ಕೆ 0.6–0.7% ಸಾಕು. ತೌಡಿನಲ್ಲಿರುವ ಫೈಟೇಟ್ ಎಂಬ ರಂಜಕದ ಸಂಯುಕ್ತ ಮೊದಲೇ ಸತುವನ್ನು ಹಿಡಿದಿಡುತ್ತೆ, ಹೆಚ್ಚಿನ ಸುಣ್ಣ ಸೇರಿದರೆ ಕರುಳಿನಲ್ಲಿ ಹೀರಿಕೊಳ್ಳುವುದು ಇನ್ನೂ ಕಡಿಮೆ. ಇಂಜೆಕ್ಷನ್ ಕೊಟ್ಟಿದ್ದೀರಲ್ಲ, ಲೇಬಲ್‌ನಲ್ಲಿ ಬರೆದಷ್ಟು ದಿನ ಕಳೆಯುವ ತನಕ ಮಾಂಸಕ್ಕೆ ಕಡಿಯಬೇಡಿ.

ಸೋಮವಾರಪೇಟೆ ಪಶುವೈದ್ಯ: ಸರಿಯಾಗಿ ಹೇಳಿದ್ದಾರೆ. ಸುಣ್ಣಕಲ್ಲಿನ ಪುಡಿ 1.3 ಕೆಜಿಗೆ ಇಳಿಸಿ, ಡಿಸಿಪಿ (ಕ್ಯಾಲ್ಸಿಯಂ, ರಂಜಕ ಎರಡೂ ಇರುವ ಡೈಕ್ಯಾಲ್ಸಿಯಂ ಫಾಸ್ಫೇಟ್) 500 ಗ್ರಾಂ ಹಾಕಿ. ತೌಡಿನಲ್ಲಿ ರಂಜಕ ಬೇಕಾದಷ್ಟಿದೆ, ಆದರೆ ಹಂದಿಗೆ ದಕ್ಕುವುದು ಸ್ವಲ್ಪವೇ. ಕಾಲು ಬಲವಾಗಲು ಸುಣ್ಣವೊಂದೇ ಸಾಲದು. ಜೊತೆಗೆ ಆಹಾರ ದರ್ಜೆಯ ಸತುವಿನ ಸಲ್ಫೇಟ್ (22% ಸತುವು) 45 ಗ್ರಾಂ, ಅಂದರೆ ಕೆಜಿ ಆಹಾರಕ್ಕೆ 100 ಮಿಲಿಗ್ರಾಂ ಸತುವು. ಖನಿಜ ಮಿಶ್ರಣ ಕೊಡುತ್ತಿದ್ದರೆ ಅದರಲ್ಲಿರುವ ಸತುವು, ಕ್ಯಾಲ್ಸಿಯಂ ಎರಡನ್ನೂ ಲೆಕ್ಕದಿಂದ ಕಳೆಯಿರಿ.

ಈ 45 ಗ್ರಾಂ ಅನ್ನು ನೇರ ರಾಶಿಗೆ ಚೆಲ್ಲಬೇಡಿ. ಮೊದಲು 2 ಕೆಜಿ ಮೆಕ್ಕೆಜೋಳದ ಹಿಟ್ಟಿನಲ್ಲಿ ಬೆರೆಸಿ, ಅದನ್ನು 20 ಕೆಜಿಗೆ, ಆಮೇಲೆ ಪೂರ್ತಿ ರಾಶಿಗೆ. ಮಳೆಗಾಲದಲ್ಲಿ ತೇವ ಹಿಡಿದು ಗಂಟಾಗುತ್ತೆ, ಜರಡಿ ಹಿಡಿದೇ ಹಾಕಿ.

ಗೋಣಿಕೊಪ್ಪ ಫಾರಂ: ತೋಟದ ಗೋಡೌನ್‌ನಲ್ಲಿ ಕಾಫಿಗೆ ತಂದ ಸತುವಿನ ಸಲ್ಫೇಟ್ ಇದೆ ಅಂತ ಅದನ್ನೇ ಹಾಕಬೇಡಿ, ಗೊಬ್ಬರದ ದರ್ಜೆಯಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು. ಬೋರ್ಡೋ ದ್ರಾವಣ ಸಿಂಪಡಿಸಲು ತಂದ ಮೈಲುತುತ್ತವಂತೂ (ತಾಮ್ರದ ಸಲ್ಫೇಟ್) ಬೇಡವೇ ಬೇಡ, ಅಳತೆ ತಪ್ಪಿದರೆ ಲಿವರ್ ಕೆಡುತ್ತೆ.

ಪೊನ್ನಂಪೇಟೆ ಸಾಕಣೆ: ಉಪ್ಪು ಎಷ್ಟು ಹಾಕಲಿ? ಸಂಜೆ ಹೋಟೆಲ್ ಉಳಿಕೆಯೂ ಇದೆ.

ಸೋಮವಾರಪೇಟೆ ಪಶುವೈದ್ಯ: ಬರೀ ಈ ಮಿಶ್ರಣಕ್ಕಾದರೆ 100 ಕೆಜಿಗೆ 300–400 ಗ್ರಾಂ. ಉಪ್ಪಿನ ಉಳಿಕೆ ಹಾಕುವುದಾದರೆ ಬೇರೆ ಉಪ್ಪು ಬೇಡ. ಕುಡಿಯುವ ನೀರು ಮಾತ್ರ ಒಂದು ಹೊತ್ತೂ ತಪ್ಪಬಾರದು. ಉಪ್ಪು ಏರಿ ಕುಡಿಯಲು ನೀರು ಸಿಗದಿದ್ದರೆ ಕಣ್ಣು ಕಾಣದಂತಾಗಿ ಫಿಟ್ಸ್ ಬರುತ್ತೆ. ಆಗ ಒಮ್ಮೆಲೇ ಹೊಟ್ಟೆ ತುಂಬ ನೀರು ಬಿಟ್ಟರೆ ಮಿದುಳು ಊದುತ್ತೆ. ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಾ ಡಾಕ್ಟರನ್ನು ಕರೆಸಿ.