ಯುದ್ಧವಿರೋಧಿ ಕಿರುಚಿತ್ರ: ಬರೀ ಫೋಟೋಗಳಿಂದ ಕಟ್ಟಬಹುದೇ?

ಹೊಸಚೌಕಟ್ಟು:
ಆರು ನಿಮಿಷದ ಯುದ್ಧವಿರೋಧಿ ಕಿರುಚಿತ್ರ. ಕೈಯಲ್ಲಿರುವುದು ಮೆರವಣಿಗೆಯ 40 ಫೋಟೋ, ಫೋನಿನಲ್ಲಿ ತೆಗೆದ ಒಂದಿಷ್ಟು ವಿಡಿಯೋ. ಯುದ್ಧದ ದೃಶ್ಯಗಳನ್ನು ಕೊಳ್ಳುವಷ್ಟು ದುಡ್ಡಿಲ್ಲ. ಮೊದಲ ಕರಡು ಸ್ಲೈಡ್‌ಶೋ ಥರ ಕಾಣುತ್ತಿದೆ, ಹಿನ್ನೆಲೆ ಧ್ವನಿ ಭಾಷಣದ ಹಾಗಿದೆ. ಎಲ್ಲಿಂದ ಸರಿಪಡಿಸಬೇಕು? ಮುಖಗಳು ಸ್ಪಷ್ಟವಾಗಿ ಕಾಣುತ್ತವೆ; ಬ್ಲರ್ ಮಾಡಿದರೆ ಸಾಕೇ?

ಹದಿನಾರು_ಎಂಎಂ:
ಯುದ್ಧದ ದೃಶ್ಯ ಇಲ್ಲದಿರುವುದು ಕೊರತೆಯಲ್ಲ. ನೇಪಾಮ್ (ಮೈಗೆ ಅಂಟಿಕೊಂಡು ಉರಿಯುವ, ಬಾಂಬಿಗೆ ತುಂಬುವ ಇಂಧನ) ಕುರಿತು ಜರ್ಮನ್ ನಿರ್ದೇಶಕ ಹರೂನ್ ಫರೋಕಿ 1969ರಲ್ಲಿ ಮಾಡಿದ ‘ನಂದಿಸಲಾಗದ ಬೆಂಕಿ’ ನೋಡಿ. ಸುಟ್ಟ ಮೈ ತೋರಿಸಿದರೆ ಜನ ಕಣ್ಣು ಮುಚ್ಚಿಕೊಳ್ಳುತ್ತಾರೆ ಅನ್ನುವಲ್ಲಿಂದಲೇ ಅದು ಶುರುವಾಗುತ್ತದೆ. ಮೇಜಿನ ಮುಂದೆ ಕೂತ ಫರೋಕಿ ಉರಿಯುವ ಸಿಗರೇಟನ್ನು ತಮ್ಮ ತೋಳಿಗೇ ಒತ್ತಿಕೊಳ್ಳುತ್ತಾರೆ. ಸಿಗರೇಟಿನ ಬಿಸಿ 400 ಡಿಗ್ರಿ, ನೇಪಾಮ್‌ನದು 3000 ಎಂದು ಧ್ವನಿ ಹೇಳುತ್ತದೆ. ಆಮೇಲೆ ಚಿತ್ರ ಹೋಗುವುದು ರಣರಂಗಕ್ಕಲ್ಲ, ಅದನ್ನು ತಯಾರಿಸುವ ಕಂಪನಿಯ ಒಳಕ್ಕೆ. ನೋಡುವವರು ತಮ್ಮ ಚರ್ಮದ ಮೇಲೇ ಅಳೆಯಬಲ್ಲ ಒಂದು ಹೋಲಿಕೆ ನಿಮ್ಮ ವಿಷಯದಲ್ಲಿ ಯಾವುದು? ಅದು ಸಿಗುವತನಕ ಸಂಕಲನಕ್ಕೆ ಕೈ ಹಾಕಬೇಡಿ.

ಫೋಟೋಗಳಿಗೆ ಒಳ್ಳೆಯ ಮಾದರಿ 1968ರ ಮೇ–ಜೂನ್‌ನಲ್ಲಿ ಫ್ರಾನ್ಸ್‌ನಲ್ಲಿ ಬಂದ ಸಿನೆ-ಟ್ರಾಕ್ಟ್‌ಗಳು, ಅಂದರೆ ಸಿನಿಮಾ ಕರಪತ್ರಗಳು. 100 ಅಡಿ ಉದ್ದದ, 16 ಎಂಎಂ ಅಗಲದ ಫಿಲ್ಮ್ ರೀಲು ಒಂದೇ. 4000 ಫ್ರೇಮ್ (ಒಂದೊಂದು ಬಿಡಿ ಚಿತ್ರ), ಸೆಕೆಂಡಿಗೆ 24ರಂತೆ ಸುಮಾರು 2 ನಿಮಿಷ 47 ಸೆಕೆಂಡು. ಕಪ್ಪು-ಬಿಳುಪು, ಧ್ವನಿಯಿಲ್ಲ, ಕತ್ತರಿಸುವ ಕೆಲಸ ಕ್ಯಾಮೆರಾದೊಳಗೇ, ಮಾಡಿದವರ ಹೆಸರೂ ಇಲ್ಲ. ಎಷ್ಟೋ ಕಡೆ ಅಕ್ಷರವನ್ನು ಫೋಟೋದ ಮೇಲೇ ಕೈಯಿಂದ ಬರೆದಿದ್ದಾರೆ.

ನಿಮ್ಮದು ಸ್ಲೈಡ್‌ಶೋ ಆಗಿರುವುದಕ್ಕೆ ಕಾರಣ ಬಹುಶಃ ಎಲ್ಲ ಫೋಟೋ ನಾಲ್ಕೇ ಸೆಕೆಂಡು ನಿಂತು, ಎಲ್ಲದಕ್ಕೂ ಅದೇ ನಿಧಾನದ ಜೂಮ್ ಹಾಕಿರುವುದು. 40ರಲ್ಲಿ 18 ಉಳಿಸಿಕೊಳ್ಳಿ. ಕೆಲವು 8 ಫ್ರೇಮ್‌ನಲ್ಲಿ ಮಿಂಚಿ ಹೋಗಲಿ, ಒಂದೆರಡು 10 ಸೆಕೆಂಡು ಅಲುಗಾಡದೆ ನಿಲ್ಲಲಿ. ಕ್ಯಾಮೆರಾ ಚಲಿಸಿದರೆ ಏನಾದರೂ ಹೊಸದು ಕಾಣಬೇಕು: ಬಿಗಿಹಿಡಿದ ಕೈಯಿಂದ ಶುರುಮಾಡಿ ಎದುರಿನ ಲಾಠಿಸಾಲಿನವರೆಗೆ ತೆರೆದುಕೊಳ್ಳುವ ಹಾಗೆ. 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಫೋಟೋದ ಅರ್ಧಭಾಗವನ್ನಷ್ಟೇ ತುಂಬಿ ತೋರಿಸಬೇಕಾದರೆ ಮೂಲ ಫೋಟೋ 3840 ಪಿಕ್ಸೆಲ್ ಅಗಲ ಇರಬೇಕು, ಇಲ್ಲದಿದ್ದರೆ ಮಸುಕಾಗುತ್ತದೆ. ಪಕ್ಕಕ್ಕೆ ಸರಿಸುವಾಗ ಒಂದು ಚೌಕಟ್ಟಿನ ಅಗಲ ದಾಟಲು 7 ಸೆಕೆಂಡು ಕೊಡಿ. ಅದಕ್ಕಿಂತ ಬೇಗ ಸರಿಸಿದರೆ ಸೆಕೆಂಡಿಗೆ 24 ಫ್ರೇಮ್‌ನ ಚಿತ್ರದಲ್ಲಿ ಗೆರೆಗಳು ತಡವರಿಸುತ್ತವೆ.

ಕಪ್ಪುಪಟ್ಟಿ:
ಬ್ಲರ್ ಸಾಲದು. ತೆಳುವಾಗಿ ಮಸುಕು ಮಾಡಿದರೆ ಮುಖದ ಮಾಹಿತಿ ಅಷ್ಟಿಷ್ಟು ಒಳಗೇ ಉಳಿದಿರುತ್ತದೆ. ಕೂದಲು, ಕಿವಿ ಸೇರಿ ಮುಚ್ಚುವಂಥ ಗಟ್ಟಿ ಬಣ್ಣದ ಪಟ್ಟಿಯೇ ಆಗಬೇಕು. ವಿಡಿಯೋದಲ್ಲಿ ತೊಂದರೆ ಇನ್ನೂ ಹೆಚ್ಚು: ಯಾರೋ ಅಡ್ಡ ಬಂದಾಗ ಟ್ರ್ಯಾಕಿಂಗ್ (ಪಟ್ಟಿ ಮುಖದ ಜೊತೆಗೇ ಚಲಿಸುವಂತೆ ಮಾಡುವುದು) ತಪ್ಪಿ ಒಂದೇ ಒಂದು ಫ್ರೇಮ್‌ನಲ್ಲಿ ಮುಖ ಹೊರಬಿದ್ದರೂ ನಿಲ್ಲಿಸಿ ನೋಡುವವರಿಗೆ ಅಷ್ಟು ಸಾಕು. ಎಕ್ಸ್‌ಪೋರ್ಟ್ ಆದ ಮೇಲೆ ಫ್ರೇಮ್ ಫ್ರೇಮಾಗಿ ನೋಡಲೇಬೇಕು. ಹಚ್ಚೆ, ಶೂ, ಬ್ಯಾಗು, ನಡಿಗೆ, ಧ್ವನಿ, ಇವುಗಳಿಂದಲೂ ಗುರುತು ಹಿಡಿಯುತ್ತಾರೆ.

ಫೋಟೋದೊಳಗಿನ ಸಮಯ ಮತ್ತು ಜಿಪಿಎಸ್ ಮಾಹಿತಿ ಅಳಿಸಿ, ಅಳಿದಿದೆಯೇ ಎಂದು ತೆರೆದು ಖಚಿತಪಡಿಸಿಕೊಳ್ಳಿ. ಪಟ್ಟಿ ಬೇರೆ ಪದರವಾಗಿರುವ ಪ್ರಾಜೆಕ್ಟ್ ಫೈಲನ್ನು ಯಾರಿಗೂ ಕಳಿಸಬೇಡಿ; ಪದರ ತೆಗೆದರೆ ಮುಖ ಕೆಳಗೇ ಇರುತ್ತದೆ. ಮೂಲ ಫೋಟೋಗಳು ಎನ್‌ಕ್ರಿಪ್ಟ್ ಮಾಡಿದ ಡಿಸ್ಕಿನಲ್ಲಿರಲಿ. ಫೋನು ಅವನ್ನು ತಾನಾಗಿಯೇ ಕ್ಲೌಡಿಗೆ ಏರಿಸದಂತೆ ಮೊದಲೇ ಆಫ್ ಮಾಡಿ, ಏಕೆಂದರೆ ನಿಮ್ಮ ಕಚ್ಚಾ ವಿಡಿಯೋ ಪೊಲೀಸರಿಗೆ ಸಾಕ್ಷಿ. ಇವತ್ತು ಒಪ್ಪಿಗೆ ಕೊಟ್ಟವರಿಗೂ ಸರ್ಕಾರ ಬದಲಾದಾಗ ಅಪಾಯ ಬರಬಹುದು. ಅದಕ್ಕೇ ಬೆನ್ನು, ಕೈ, ಫಲಕ, ನೆರಳುಗಳಿರುವ ಫೋಟೋಗಳನ್ನೇ ಆರಿಸಿ ಎಂಬುದು ನನ್ನ ಒತ್ತಾಯ.

ಹೊಸಚೌಕಟ್ಟು:
ಹಾಗಾದರೆ 18 ಸಹ ಉಳಿಯುವುದಿಲ್ಲ. ಚಿತ್ರದಲ್ಲಿ ಸರ್ವಾಧಿಕಾರದ ಬಗ್ಗೆಯೂ ಒಂದು ಭಾಗವಿದೆ; ಅದನ್ನು ರೂಪಕವಾಗಿ, ಸ್ಟಾಪ್-ಮೋಷನ್‌ನಲ್ಲಿ (ಬೊಂಬೆಯನ್ನು ಚೂರುಚೂರೇ ಸರಿಸುತ್ತ ಒಂದೊಂದೇ ಫೋಟೋ ತೆಗೆದು) ಮಾಡಿದರೆ?

ಹದಿನಾರು_ಎಂಎಂ:
ಆಗಬಹುದು. ಚೆಕ್ ಬೊಂಬೆಚಿತ್ರ ನಿರ್ದೇಶಕ ಜಿರಿ ಟ್ರಿಂಕಾ ಅವರ ‘ರುಕಾ’ (ಕೈ, 1965) ಇದೆ: ಹೂವಿಗೊಂದು ಕುಂಡ ಮಾಡಿಕೊಂಡಿರುವ ಕುಂಬಾರನ ಬಳಿ ಬಂದು, ತನ್ನದೇ ಪ್ರತಿಮೆ ಮಾಡೆನ್ನುವ ದೈತ್ಯ ಕೈ. ಮಾತೇ ಇಲ್ಲ. 1969ರ ಕೊನೆಗೆ ಟ್ರಿಂಕಾ ತೀರಿಕೊಂಡ ಮೇಲೆ ಚೆಕೊಸ್ಲೊವಾಕಿಯಾದಲ್ಲಿ ಅದನ್ನು ನಿಷೇಧಿಸಿದರು. ರೂಪಕ ಚಿತ್ರವನ್ನು ಕಾಪಾಡಲಿಲ್ಲ ನಿಜ, ಆದರೆ ಹಿಡಿದು ತರಲು ಅದರಲ್ಲಿ ಯಾರ ಮುಖವೂ ಇರಲಿಲ್ಲ.

ಲೆಕ್ಕ: ಒಂದು ಫೋಟೋಗೆ ಎರಡು ಫ್ರೇಮ್, ಅಂದರೆ ಸೆಕೆಂಡಿಗೆ 12 ಫೋಟೋ, ನಿಮಿಷಕ್ಕೆ 720. ಎಕ್ಸ್‌ಪೋಶರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ), ಫೋಕಸ್ ಮೂರೂ ಮ್ಯಾನ್ಯುಯಲ್. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ. ಒಂದು ಮೋಡ ಹಾದರೂ ಚಿತ್ರ ಮಿಣುಕುತ್ತದೆ.

ಧ್ವನಿಪಟ್ಟಿ:
ಭಾಷಣದ ತೊಂದರೆಗೆ: ನಿಧಾನವಾಗಿ ಓದಿದರೆ ನಿಮಿಷಕ್ಕೆ ಸುಮಾರು 100 ಪದ ಹಿಡಿಯುತ್ತದೆ. ಆರು ನಿಮಿಷಕ್ಕೆ 200 ಪದ ಮೀರಬೇಡಿ. ‘ಭೀಕರ’, ‘ಅಮಾನವೀಯ’ ಇದ್ದಲ್ಲೆಲ್ಲ ಅಳಿಸಿ, ಅಲ್ಲಿ ಒಂದು ದಿನಾಂಕವನ್ನೋ ಆದೇಶದ ಒಂದು ಸಾಲನ್ನೋ ಇಡಿ. ಘೋಷಣೆಗಳನ್ನು ಫೋನಿನಲ್ಲಿ ಹತ್ತಿರದಿಂದ ಹಿಡಿದರೆ ಧ್ವನಿ ಒಡೆಯುತ್ತದೆ, ಒಡೆದದ್ದು ಮತ್ತೆ ಕೂಡುವುದಿಲ್ಲ. ಹತ್ತು ಹೆಜ್ಜೆ ದೂರ ನಿಂತು, ರೆಕಾರ್ಡಿಂಗ್ ಮೀಟರಿನಲ್ಲಿ ಗರಿಷ್ಠ ಮಟ್ಟ -12 ಡಿಬಿ (ಡೆಸಿಬೆಲ್) ಆಸುಪಾಸಿನಲ್ಲಿಡಿ. ಘೋಷಣೆಯನ್ನು ಜನ ಉಸಿರೆಳೆಯುವಲ್ಲಿ ಕತ್ತರಿಸಿ. ಮೌನ ಬೇಕಾದ ಕಡೆ ಪೂರ್ತಿ ಶೂನ್ಯ ಹಾಕಬೇಡಿ, ಧ್ವನಿ ಕೆಟ್ಟಿತು ಅಂದುಕೊಳ್ಳುತ್ತಾರೆ. ಅದೇ ಬೀದಿಯ ಖಾಲಿ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಟ್ಟುಕೊಂಡು ಅಲ್ಲಿ ತುಂಬಿ.