ಪದಚರ್ಚೆ: ‘ಆಪ್ಟ್ ಔಟ್’ಗೆ ‘ವಿನಾಯಿತಿ’ ಅನ್ನಬಹುದೇ?

ರೀಡಿಂಗ್, ಇಂಗ್ಲೆಂಡ್‌ನಿಂದ:

ಎಲ್ಲರಿಗೂ ನಮಸ್ಕಾರ. ಭಾನುವಾರದೊಳಗೆ ಒಂದು ಪದ ಬೇಕು. ಇಲ್ಲಿ ಐಟಿ ಕಾಂಟ್ರಾಕ್ಟ್ ಕೆಲಸಕ್ಕೆ ಹೊಸದಾಗಿ ಇಳಿಯುವ ನಮ್ಮವರಿಗಾಗಿ ಎರಡು ಪುಟದ ಕರಪತ್ರ ಬರೆಯುತ್ತಿದ್ದೇನೆ.

ಕೆಲಸ ಕೊಡಿಸುವ ಏಜೆನ್ಸಿಗಳು ಹೇಗೆ ನಡೆದುಕೊಳ್ಳಬೇಕು ಅಂತ ಬ್ರಿಟನ್ನಿನಲ್ಲಿ 2003ರ ನಿಯಮಗಳಿವೆ. ಕೆಲಸ ಮಾಡಿಸಿಕೊಳ್ಳುವ ಗಿರಾಕಿ ಕಂಪನಿ ದುಡ್ಡು ಕೊಟ್ಟಿಲ್ಲ ಅನ್ನುವ ನೆಪ ಹೇಳಿ ಏಜೆನ್ಸಿ ನಿಮ್ಮ ದುಡ್ಡು ತಡೆಹಿಡಿಯುವಂತಿಲ್ಲ. ಇದು 12ನೇ ನಿಯಮ. ಆದರೆ ಸ್ವಂತ ಲಿಮಿಟೆಡ್ ಕಂಪನಿ ಮಾಡಿಕೊಂಡು ದುಡಿಯುವವರು ‘ನಮಗೆ ಈ ನಿಯಮಗಳು ಬೇಡ’ ಅನ್ನಬಹುದು. ಇದಕ್ಕೇ ಇಲ್ಲಿ ‘ಆಪ್ಟ್ ಔಟ್’ ಅನ್ನುತ್ತಾರೆ. ಅದು 32ನೇ ನಿಯಮ. ಆ ಸ್ವಂತ ಕಂಪನಿಯೂ ಒಪ್ಪಬೇಕು, ಕೆಲಸ ಮಾಡುವವರೂ ಒಪ್ಪಬೇಕು, ಗಿರಾಕಿಗೆ ಪರಿಚಯಿಸುವ ಮೊದಲೇ ತಿಳಿಸಬೇಕು. ಒಪ್ಪದಿದ್ದರೆ ಕೆಲಸ ಇಲ್ಲ ಅಂತ ಏಜೆನ್ಸಿ ಷರತ್ತು ಹಾಕುವಂತಿಲ್ಲ.

ಆದರೂ ಆಫರ್ ಜೊತೆ ಬರುವ ಕಾಗದಗಳ ನಡುವೆ ‘ನಿಯಮ ಬೇಡ’ ಅನ್ನುವ ಈ ಹಾಳೆ ಸೇರಿಕೊಂಡಿರುತ್ತದೆ. ನನಗೆ ಬಂದಾಗ ಟಿಕ್ ಮೊದಲೇ ಬಿದ್ದಿತ್ತು. ಸಹಿ ಹಾಕಿ ಕಳಿಸಿದೆ. ಮುಂದೆ ಗಿರಾಕಿ ಕಂಪನಿ ಮುಳುಗಿತು, ನನ್ನ ಆರು ವಾರದ ದುಡ್ಡೂ ಮುಳುಗಿತು.

ಕರಡಿನಲ್ಲಿ ಹೀಗೆ ಬರೆದಿದ್ದೇನೆ: ‘ಈ ರಕ್ಷಣೆಗಳಿಂದ ವಿನಾಯಿತಿ ಪಡೆಯುವ ಮುನ್ನ ಯೋಚಿಸಿ.’ ಸರಿಯೇ? ‘ಹೊರಗುಳಿಯುವಿಕೆ’ ಆದೀತೇ?

ಮೈಸೂರಿನಿಂದ:

ವಿನಾಯಿತಿ ತಪ್ಪು. ತೆರಿಗೆ ವಿನಾಯಿತಿ, ಶುಲ್ಕ ವಿನಾಯಿತಿ, ಹಾಜರಾತಿ ವಿನಾಯಿತಿ. ಹೊರೆ ಇಳಿದಾಗ ಹೇಳುವ ಮಾತದು. ರಕ್ಷಣೆ ಹೊರೆಯಲ್ಲ. ‘ಹೊರಗುಳಿ’ಯೂ ಬೇಡ. ‘ಗಾಯದಿಂದಾಗಿ ತಂಡದಿಂದ ಹೊರಗುಳಿದರು’ ಅಂತ ಪತ್ರಿಕೆಯಲ್ಲಿ ದಿನಾ ಓದುತ್ತೇವೆ. ಅಲ್ಲಿ ಅವರ ಇಷ್ಟ ಎಲ್ಲಿದೆ?

‘ರಕ್ಷಣೆ’ಯೂ ಯಾಕೆ? ನಮ್ಮದೇ ‘ಕಾಪು’ ಇದೆ. ಕಾಯ್ ಎಂಬ ಬೇರಿನಿಂದ ಕಾಪಾಡು, ಕಾವಲು ಎಲ್ಲ ಚಿಗುರಿವೆ. ‘ಕಾಪುತೊರೆತ’ ಅನ್ನಿ. ಎರಡೂ ಅಚ್ಚಗನ್ನಡ.

ಧಾರವಾಡದಿಂದ:

ಉಡುಪಿ ಕಡೆಯವರಿಗೆ ಕಾಪು ಒಂದು ಊರಿನ ಹೆಸರು. ಉಳಿದವರಿಗೆ ನಿಘಂಟು ಬೇಕು. ಸಹಿ ಹಾಕುವವನ ಕೈಯಲ್ಲಿ ನಿಘಂಟು ಇರುವುದಿಲ್ಲ.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪದ ಆಗಲೇ ಇದೆ. ಹಕ್ಕು ಖುಲಾಸೆ ಪತ್ರ. ನಮ್ಮ ಅಕ್ಕ ತವರಿನ ಹೊಲದ ಪಾಲು ಬಿಟ್ಟು ಬರೆದುಕೊಟ್ಟ ದಿನ ನಾನು ಪಕ್ಕದಲ್ಲೇ ಇದ್ದೆ. ಪತ್ರ ಬರೆಯುವವರು ಗಟ್ಟಿಯಾಗಿ ಓದಿದರು. ಹೆಬ್ಬೆಟ್ಟಿಗೆ ಮಸಿ ಹತ್ತಿತ್ತು. ಅಕ್ಕ ಕೈ ತಡೆದು, ‘ಇನ್ನ ನನಗ ಇದರಾಗ ಏನೂ ಬರಂಗಿಲ್ಲ, ಹೌದಲ್ರೀ?’ ಅಂತ ಕೇಳಿದಳು. ಖುಲಾಸೆ ಅಂದ ಕೂಡಲೇ ಕೈ ತಡೆಯಿತಲ್ಲ, ನಿಮ್ಮ ಕರಪತ್ರಕ್ಕೆ ಬೇಕಾದದ್ದು ಅದೇ.

ಮೈಸೂರಿನಿಂದ:

ಖುಲಾಸೆ ಅರಬ್ಬಿ ಮೂಲದ್ದು. ಅಲ್ಲದೆ ‘ಆರೋಪಿ ಖುಲಾಸೆ’ ಅನ್ನುವಾಗ ಅರ್ಥವೇ ಬೇರೆ. ಕೈಬಿಡಿ.

ಧಾರವಾಡದಿಂದ:

ವಕೀಲ, ಅರ್ಜಿ, ಜಾಮೀನು, ಬಾಕಿ, ರಾಜಿ. ಇವೆಲ್ಲ ಪಾರ್ಸಿ, ಅರಬ್ಬಿಯಿಂದ ಬಂದವು. ಇವನ್ನೂ ಕೈಬಿಡೋಣವೇ? ಹಳ್ಳಿಯ ರೈತ ಈ ಪದಗಳಲ್ಲೇ ತನ್ನ ಹಕ್ಕು ಕೇಳುತ್ತಾನೆ. ಸುಮ್ನೆ ಮೂಲ ಹಿಡಿದು ಜಗ್ಗಿದರೆ ಅವನ ಬಾಯಿಯ ಕನ್ನಡವನ್ನೇ ಕಿತ್ತುಕೊಂಡಂತೆ. ನಾನು ಇದನ್ನು ಒಪ್ಪುವುದಿಲ್ಲ.

ಬೆಂಗಳೂರಿನಿಂದ:

ಇಬ್ಬರೂ ಕೇಳಿದವರನ್ನು ಮರೆತಿದ್ದೀರಿ. ಅವರಿಗೆ ಭಾನುವಾರದೊಳಗೆ ಪದ ಬೇಕು.

‘ಬಿಟ್ಟುಕೊಡು’ ಯಾಕಾಗಬಾರದು? 2015ರಲ್ಲಿ ಗ್ಯಾಸ್ ಸಬ್ಸಿಡಿ ಬಿಟ್ಟುಕೊಡಿ ಅಂದಾಗ ಎಲ್ಲರಿಗೂ ಅರ್ಥವಾಯಿತು. ಆ ‘ಕೊಡು’ ಗಮನಿಸಿ. ಬಿಟ್ಟುಬಿಡು ಅಂದರೆ ಬಿಟ್ಟದ್ದು ಎಲ್ಲಿ ಹೋಯಿತೋ ಗೊತ್ತಿಲ್ಲ. ಬಿಟ್ಟುಕೊಡು ಅಂದರೆ ತೆಗೆದುಕೊಳ್ಳುವವರು ಒಬ್ಬರು ಇರಲೇಬೇಕು. ಇಲ್ಲಿ ಆ ಅನುಕೂಲ ಏಜೆನ್ಸಿಗೆ ಹೋಗುತ್ತದೆ, ಅಲ್ವಾ? ಆ ಪದದಲ್ಲೇ ಅದು ಕಾಣುತ್ತದೆ.

ಇನ್ನೊಂದು ಮಾತು. ಓದುವವರನ್ನು ‘ಗುತ್ತಿಗೆ ಕಾರ್ಮಿಕರು’ ಅನ್ನಬೇಡಿ. ಇಲ್ಲಿ ಆ ಪದಕ್ಕೆ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ನೆನಪು ಅಂಟಿಕೊಂಡಿದೆ. ಅದರಲ್ಲಿ ಗುತ್ತಿಗೆದಾರ ಕೂಲಿ ಕೊಡದಿದ್ದರೆ ಹೊಣೆ ಮೂಲ ಮಾಲೀಕನ ಮೇಲಿತ್ತು. ನಿಮ್ಮಲ್ಲಿ ದುಡಿಯುವವನೇ ಒಂದು ಕಂಪನಿ. ‘ಕಾಂಟ್ರಾಕ್ಟರ್’ ಅಂದರೂ ಇಲ್ಲಿ ರಸ್ತೆ ಹಾಕಿಸುವವನು ಕಣ್ಣಿಗೆ ಬರುತ್ತಾನೆ, ಆದರೆ ನಿಮ್ಮ ಓದುಗರು ಅಲ್ಲಿಯವರೇ. ಅವರಿಗೆ ಅದು ನಡೆಯುತ್ತದೆ.

ರೀಡಿಂಗ್‌ನಿಂದ:

‘ರಕ್ಷಣೆ ಬಿಟ್ಟುಕೊಡುವ ಪತ್ರ’ ಅಂತ ಹಾಕುತ್ತೇನೆ. ‘ಖುಲಾಸೆ’ ನನಗೂ ಇಷ್ಟವಾಯಿತು, ಆದರೆ ಅದು ಮುಗಿದ ಕತೆ. ಇದನ್ನು ಹಿಂದಕ್ಕೆ ಪಡೆಯಬಹುದು. ಹಿಡಿದ ಕೆಲಸ ಮುಗಿಯುವ ತನಕ ಮಾತ್ರ ಹಾಗೆ ಹಿಂದಕ್ಕೆ ಪಡೆದದ್ದು ಜಾರಿಗೆ ಬರುವುದಿಲ್ಲ.

ವಿನಾಯಿತಿ ಯಾಕೆ ಅಪಾಯ ಅಂತ ಈಗ ಹೊಳೆಯಿತು. ಈ ಹಾಳೆಗೆ ಸಹಿ ಹಾಕಿದರೆ ಐಆರ್35ರಿಂದ, ಅಂದರೆ ಸ್ವಂತ ಕಂಪನಿ ಇದ್ದರೂ ನೌಕರರಂತೆ ದುಡಿಯುವವರಿಗೆ ನೌಕರರ ತೆರಿಗೆಯನ್ನೇ ಹಾಕುವ ನಿಯಮದಿಂದ, ಪಾರಾಗಬಹುದು ಅನ್ನುವ ನಂಬಿಕೆ ಇಲ್ಲಿ ಜಾಸ್ತಿ. ಆ ಲೆಕ್ಕ ನಿಂತಿರುವುದು ನೀವು ನಿಜವಾಗಿ ಹೇಗೆ ಕೆಲಸ ಮಾಡುತ್ತೀರಿ ಅನ್ನುವುದರ ಮೇಲೆ. ‘ವಿನಾಯಿತಿ’ ಅಂತ ಅಚ್ಚು ಹಾಕಿಸಿದ್ದರೆ ಆ ತಪ್ಪನ್ನು ನಾನೇ ಗಟ್ಟಿ ಮಾಡಿದಂತಾಗುತ್ತಿತ್ತು.

ಮಕ್ಕಳ ಜೊತೆ, ಆರೈಕೆ ಬೇಕಾದವರ ಜೊತೆ ಕೆಲಸ ಮಾಡುವವರು ಈ ರಕ್ಷಣೆಯನ್ನು ಬಿಟ್ಟುಕೊಡುವಂತೆಯೇ ಇಲ್ಲ. ಅದನ್ನೂ ಸೇರಿಸುತ್ತೇನೆ.

ಉಳಿದದ್ದು ಒಂದೇ. ಕೆಲಸ ಮಾಡಿಸಿಕೊಳ್ಳುವ ಕಂಪನಿಯನ್ನು ‘ಗಿರಾಕಿ’ ಅಂದಿದ್ದೇನೆ. ನನ್ನ ಹೆಂಡತಿಗೆ ಅದು ಅಂಗಡಿ ಮಾತಿನಂತೆ ಕೇಳುತ್ತದಂತೆ. ಶನಿವಾರ ರಾತ್ರಿಯವರೆಗೆ ಕಾಯುತ್ತೇನೆ.