60 ಲೀಟರಿನ ಹವಳದ ತೊಟ್ಟಿ: ಕ್ಯಾಲ್ಸಿಯಂ ಏಕೆ ಇಳಿಯುತ್ತಿದೆ?

ಪ್ರಶ್ನೆ, ಬೆಂಗಳೂರಿನಿಂದ

ಮನೆಯಲ್ಲಿ 60 ಲೀಟರಿನ ಉಪ್ಪುನೀರಿನ ತೊಟ್ಟಿ ಇದೆ. ಜೋವಾಂತಿಡ್ (ಗುಂಪಾಗಿ ಹಬ್ಬುವ ಮೆದು ಹವಳದಂಥ ಜೀವಿ), ಅಣಬೆ ಹವಳ, ಒಂದು ಜೋಡಿ ಕ್ಲೌನ್ ಮೀನು. ಬಂಡೆಗಳ ಮೇಲೆ ಚೆನ್ನಾಗಿ ಹಬ್ಬಿದ್ದ ನೇರಳೆ ಬಣ್ಣದ ಕೊರಲೈನ್ ಪಾಚಿ (ಸುಣ್ಣದ ಗಟ್ಟಿ ಪದರ ಕಟ್ಟುವ ಪಾಚಿ) ಈಗ ಅಲ್ಲಲ್ಲಿ ಬಿಳಿಚಿಕೊಳ್ಳುತ್ತಿದೆ. ಪರೀಕ್ಷಿಸಿದರೆ ಕ್ಯಾಲ್ಸಿಯಂ 340 ಪಿಪಿಎಂ (ಹತ್ತು ಲಕ್ಷದಲ್ಲಿ 340 ಪಾಲು). ಉಪ್ಪನ್ನು ಪ್ಲಾಸ್ಟಿಕ್ ಹೈಡ್ರೋಮೀಟರ್‌ನಲ್ಲಿ ಅಳೆಯುತ್ತೇನೆ. ಅಂಗಡಿಯವರು ಕ್ಯಾಲ್ಸಿಯಂ ದ್ರಾವಣದ ಬಾಟಲಿ ಕೊಟ್ಟಿದ್ದಾರೆ. ಎಷ್ಟು ಹಾಕಲಿ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ

ಬಾಟಲಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಲವಣಾಂಶವನ್ನು ನಂಬಿಕೆಗೆ ಅರ್ಹವಾದ ಉಪಕರಣದಲ್ಲಿ ಅಳೆಯಿರಿ. ಸಮುದ್ರದ ನೀರಿನ ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ) ಸುಮಾರು 1.026; ಅದರಲ್ಲಿ ಕ್ಯಾಲ್ಸಿಯಂ 410ರಿಂದ 420 ಪಿಪಿಎಂ. ನಿಮ್ಮ ನೀರು 1.021ರಲ್ಲಿದ್ದರೆ ಉಪ್ಪೇ ಐದನೇ ಒಂದು ಪಾಲು ಕಡಿಮೆ, ಕ್ಯಾಲ್ಸಿಯಂ ಕೂಡ ಅದೇ ಲೆಕ್ಕದಲ್ಲಿ 335ರ ಆಸುಪಾಸಿಗೆ ಬಂದಿರುತ್ತದೆ. ಪ್ಲಾಸ್ಟಿಕ್ ಹೈಡ್ರೋಮೀಟರಿನ ಮುಳ್ಳಿಗೆ ಒಂದು ಸಣ್ಣ ಗುಳ್ಳೆ ಅಂಟಿಕೊಂಡರೂ ಅದು ಇಲ್ಲದ ಉಪ್ಪನ್ನು ತೋರಿಸುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಕೊಳ್ಳಿರಿ, ಅದನ್ನು 35 ಪಿಪಿಟಿ (ಸಾವಿರದಲ್ಲಿ 35 ಪಾಲು ಉಪ್ಪು) ದ್ರಾವಣದಲ್ಲಿ ಸರಿಹೊಂದಿಸಿಕೊಳ್ಳಿ. ಉಪ್ಪು ಕಡಿಮೆ ಎಂದು ಖಚಿತವಾದರೆ, ಆವಿಯಾದಷ್ಟು ನೀರಿನ ಬದಲಿಗೆ ಉಪ್ಪುನೀರನ್ನೇ ತುಂಬಿಸುತ್ತಾ ಕೆಲವು ದಿನಗಳಲ್ಲಿ ನಿಧಾನವಾಗಿ ಏರಿಸಿ.

ನನಗೆ ಉಪ್ಪಿನ ಮೇಲೆಯೇ ಸಂಶಯ ಬರಲು ಕಾರಣವಿದೆ. ಹವಳವಾಗಲಿ ಕೊರಲೈನ್ ಪಾಚಿಯಾಗಲಿ ಕಟ್ಟಿಕೊಳ್ಳುವುದು ಕ್ಯಾಲ್ಸಿಯಂ ಕಾರ್ಬೊನೇಟ್. 20 ಪಿಪಿಎಂ ಕ್ಯಾಲ್ಸಿಯಂ ಖರ್ಚಾಗುವಾಗ ಜೊತೆಗೆ 2.8 ಡಿಕೆಎಚ್ ಕ್ಷಾರೀಯತೆಯೂ (ನೀರಿನಲ್ಲಿರುವ ಕಾರ್ಬೊನೇಟ್, ಬೈಕಾರ್ಬೊನೇಟ್‌ಗಳ ಅಳತೆ; ಡಿಕೆಎಚ್ ಅದರ ಮಾನ) ಖರ್ಚಾಗುತ್ತದೆ. 420ರಿಂದ 340ಕ್ಕೆ ಬೆಳವಣಿಗೆಯಿಂದಲೇ ಇಳಿಯಿತು ಎನ್ನುವುದಾದರೆ 11 ಡಿಕೆಎಚ್ ಖರ್ಚಾಗಿರಬೇಕು. ತೊಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದೇ 7ರಿಂದ 9! ನೀವು ಕ್ಷಾರೀಯತೆ ಏರಿಸಲು ನಡುವೆ ಅಡುಗೆ ಸೋಡಾ ಹಾಕಿಲ್ಲದಿದ್ದರೆ, ಜೋವಾಂತಿಡ್ ಮತ್ತು ಅಣಬೆ ಹವಳಗಳಿಂದ ಇಷ್ಟು ಇಳಿಕೆ ಸಾಧ್ಯವೇ ಇಲ್ಲ. ಅವು ಗಟ್ಟಿ ಅಸ್ಥಿಪಂಜರ ಕಟ್ಟುವುದಿಲ್ಲ.

ಆದ್ದರಿಂದ ಕ್ಯಾಲ್ಸಿಯಂ ಅಳೆದ ದಿನವೇ ಕ್ಷಾರೀಯತೆಯನ್ನೂ ಅಳೆಯಿರಿ. ಕ್ಯಾಲ್ಸಿಯಂ 380ರಿಂದ 450ರ ನಡುವೆ ಎಲ್ಲಿದ್ದರೂ ಹವಳಕ್ಕೆ ತೊಂದರೆಯಿಲ್ಲ. ಕ್ಷಾರೀಯತೆ ಹಾಗಲ್ಲ, ಅದು ಒಂದೇ ದಿನದಲ್ಲಿ ಹತ್ತಿ ಇಳಿದರೆ ಹವಳಗಳು ತಾಳುವುದಿಲ್ಲ. ಮೆಗ್ನೀಸಿಯಮ್ 1250ರಿಂದ 1350ರಲ್ಲಿರಲಿ. ಅದು ಬಹಳ ಕಡಿಮೆಯಾದರೆ ನೀವು ಹಾಕಿದ ಕ್ಯಾಲ್ಸಿಯಂ ನೀರಿನಲ್ಲಿ ಉಳಿಯದೆ ಪಂಪಿನ ಮೇಲೂ ಹೀಟರಿನ ಮೇಲೂ ಬಿಳಿ ಪದರವಾಗಿ ಕೂರುತ್ತದೆ.

ನಿಮ್ಮಂಥ ತೊಟ್ಟಿಗೆ ವಾರಕ್ಕೆ 6 ಲೀಟರ್ ನೀರು ಬದಲಾಯಿಸಿದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಆದರೆ ಒಂದೇ ಸಲಕ್ಕೆ ಫಲ ಕಾಣುವುದಿಲ್ಲ: ಹೊಸ ನೀರಿನಲ್ಲಿ 440 ಇದ್ದರೆ, ಹತ್ತರಲ್ಲಿ ಒಂದು ಪಾಲು ಬದಲಾಯಿಸಿದಾಗ 340 ಇದ್ದದ್ದು 350 ಆಗುತ್ತದೆ, ಅಷ್ಟೇ. ನೀರು ಬೆರೆಸಲು ಕೊಳವೆಬಾವಿಯ ನೀರು ಬೇಡ. ಅಡುಗೆಮನೆಯ ಶುದ್ಧೀಕರಣ ಯಂತ್ರವೂ ಬೇಡ, ಎಷ್ಟೋ ಯಂತ್ರಗಳು ರುಚಿಗೆಂದು ಖನಿಜಗಳನ್ನು ಮರಳಿ ಸೇರಿಸುತ್ತವೆ. ಆರ್‌ಒ ನಂತರ ಡಿಅಯಾನೈಸೇಷನ್ (ಉಳಿದ ಲವಣಗಳನ್ನೂ ತೆಗೆಯುವ ಕ್ರಮ) ಆದ, ಟಿಡಿಎಸ್ (ಕರಗಿರುವ ಒಟ್ಟು ಲವಣಾಂಶ) ಸೊನ್ನೆ ತೋರಿಸುವ ನೀರೇ ಬೇಕು.

ಮಂಗಳೂರಿನಿಂದ

ಕಡಲಿನ ನೀರನ್ನೇ ತರಬಹುದಲ್ಲ ಎಂದು ಇಲ್ಲಿ ಹಲವರು ಕೇಳುತ್ತಾರೆ. ಮಳೆಗಾಲದಲ್ಲಿ ಖಂಡಿತ ಬೇಡ. ನೇತ್ರಾವತಿ, ಗುರುಪುರ ನದಿಗಳ ಸಿಹಿನೀರು ಅಳಿವೆಯಲ್ಲಿ ಸೇರಿ ದಡದ ನೀರಿನ ಉಪ್ಪು ತೀರಾ ಇಳಿದುಹೋಗಿರುತ್ತದೆ, ಕ್ಯಾಲ್ಸಿಯಂ ಕೂಡ ಅದರ ಜೊತೆಗೆ.

ಮೆಲ್ಬರ್ನ್‌ನಿಂದ

ಇಲ್ಲಿ ನಾನು ಗಟ್ಟಿ ಹವಳಗಳನ್ನು ಸಾಕುತ್ತೇನೆ, ಆದ್ದರಿಂದ ದಿನವೂ ಕ್ಯಾಲ್ಸಿಯಂ ಕೊಡಲೇಬೇಕು. ಊರಿನಲ್ಲಿರುವವರು ದಯವಿಟ್ಟು ಗಟ್ಟಿ ಹವಳದ ಆಸೆಗೆ ಬೀಳಬೇಡಿ. ಬಂಡೆ ಕಟ್ಟುವ ಎಲ್ಲ ಹವಳಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮುರುಡೇಶ್ವರದಾಚೆಯ ನೇತ್ರಾಣಿಯ ಹವಳಗಳು ಅಲ್ಲೇ ಚೆನ್ನಾಗಿರಲಿ.

ಪ್ರಮಾಣ ಕೇಳಿದ್ದೀರಿ. ಕ್ಷಾರೀಯತೆ, ಲವಣಾಂಶ ಎರಡೂ ಸರಿಯಿದ್ದು ಕ್ಯಾಲ್ಸಿಯಂ ಮಾತ್ರ ಕಡಿಮೆ ಎಂದು ಖಚಿತವಾದರೆ, 60 ಲೀಟರಿನಲ್ಲಿ 20 ಪಿಪಿಎಂ ಏರಿಸಲು ಸುಮಾರು 4.4 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಬೇಕು. ದಿನಕ್ಕೆ ಅದಕ್ಕಿಂತ ಹೆಚ್ಚು ಬೇಡ. ಕ್ಷಾರೀಯತೆಯನ್ನು 1 ಡಿಕೆಎಚ್ ಏರಿಸಲು ಅಡುಗೆ ಸೋಡಾ 1.8 ಗ್ರಾಂ ಸಾಕು. ಬಂಡೆ, ಮರಳು ತುಂಬಿಕೊಂಡ ಜಾಗವನ್ನು ಕಳೆದು ನಿಜವಾದ ನೀರಿನ ಲೆಕ್ಕ ಹಿಡಿಯಿರಿ. 60 ಲೀಟರಿನ ತೊಟ್ಟಿಯಲ್ಲಿ ಅಷ್ಟು ನೀರು ಇರುವುದಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್, ಸೋಡಾ ಎರಡನ್ನೂ ಆರ್‌ಒ ನೀರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ನಡುವೆ ಹೊತ್ತು ಬಿಟ್ಟು, ನೀರು ಜೋರಾಗಿ ಹರಿಯುವ ಕಡೆ ಸುರಿಯಿರಿ. ಒಟ್ಟಿಗೆ ಸುರಿದರೆ ಕ್ಷಣದಲ್ಲಿ ಹಾಲಿನ ಬಣ್ಣ ಬರುತ್ತದೆ, ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ತಳಕ್ಕಿಳಿಯುತ್ತದೆ.

ನನಗೆ ಹೆಚ್ಚು ಇಷ್ಟವಾದದ್ದು ಸುಣ್ಣದ ತಿಳಿನೀರು. ಕ್ಯಾಲ್ಸಿಯಂ ಮತ್ತು ಕ್ಷಾರೀಯತೆ ಎರಡನ್ನೂ ಹವಳಕ್ಕೆ ಬೇಕಾದ ಅನುಪಾತದಲ್ಲೇ ಕೊಡುತ್ತದೆ. ಲೀಟರಿಗೆ ಒಂದೂವರೆ ಗ್ರಾಂ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೆರೆಸಿ, ಮುಚ್ಚಿಟ್ಟು, ಮೇಲಿನ ತಿಳಿಯನ್ನು ಮಾತ್ರ ಆವಿಯಾದ ನೀರಿನ ಬದಲಿಗೆ ಹನಿಹನಿಯಾಗಿ ಬಿಡುತ್ತೇನೆ. ಪಿಎಚ್ ತಾನಾಗಿ ಇಳಿಯುವ ರಾತ್ರಿ ಹೊತ್ತು ಇದಕ್ಕೆ ಸೂಕ್ತ. ಎಲೆಯಡಿಕೆಯ ಸುಣ್ಣ ಬಳಸಬೇಡಿ, ಅದರಲ್ಲಿ ಏನೇನು ಬೆರೆತಿರುತ್ತದೋ ತಿಳಿಯದು. ಈ ನೀರಿನ ಪಿಎಚ್ 12 ದಾಟುತ್ತದೆ. ಕೈಗವಸು ಹಾಕಿಕೊಳ್ಳಿ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. 60 ಲೀಟರಿಗೆ ಒಂದು ಲೋಟ ಒಮ್ಮೆಲೇ ಬಿದ್ದರೂ ಮೀನುಗಳಿಗೆ ಅಪಾಯ.